ಮಾಸ್ತಿಯವರು ಎಣಿಸಿದ ರಾತ್ರಿ

2011ರ ಫೆಬ್ರವರಿಯಲ್ಲಿ ಊರಿಂದ ಅಮ್ಮ ಫೋನ್ ಮಾಡಿದಾಗ ಸಿಟ್ಟಲ್ಲಿದ್ದರು. ಜನಗಣತಿಗೆ ಬಂದ ಮೇಷ್ಟ್ರು ನನ್ನ ಹೆಸರು ಬರ್ಕೊಳ್ಳಲಿಲ್ಲವಂತೆ. ಎಷ್ಟು ಕೇಳಿಕೊಂಡರೂ, ಗಣತಿಯ ದಿನಗಳಲ್ಲಿ ಊರಲ್ಲೇ ಇಲ್ಲದವರನ್ನ ಸೇರಿಸೋ ಹಾಗಿಲ್ಲ ಅಂದರಂತೆ. ನನಗೂ ಬೇಜಾರಾಯ್ತು. ಈ ಗಣತಿಯ ನಿಯಮ ಏನು ಅಂತ ಹುಡುಕಿ ಓದುತ್ತಾ ಹೋದೆ. ಅಲ್ಲಿ ಸಿಕ್ಕಿದವರು ನಮ್ಮ ಮಾಲೂರು ತಾಲ್ಲೂಕಿನವರೇ ಆದ ಮಾಸ್ತಿ ವೆಂಕಟೇಶ ಅಯ್ಯಂಗಾರ್!

ಮಾಸ್ತಿ ಅಂದರೆ ನಮಗೆಲ್ಲ ಸಣ್ಣಕತೆ, ‘ಚಿಕವೀರ ರಾಜೇಂದ್ರ’, ಜ್ಞಾನಪೀಠ. ಅವರು ಇಡೀ ಮೈಸೂರು ಸಂಸ್ಥಾನದ ಜನರನ್ನು ಎಣಿಸಿದವರು ಅಂತ ನನಗೆ ಗೊತ್ತೇ ಇರಲಿಲ್ಲ.

ಹುಟ್ಟಿದ್ದು 1891ರ ಜೂನ್ 6ರಂದು. ಮನೆಮಾತು ತಮಿಳು. ಇಂಗ್ಲಿಷ್ ಎಂ.ಎ. ಮುಗಿಸಿ ಮೈಸೂರು ಸಿವಿಲ್ ಸರ್ವಿಸ್ ಸೇರಿದರು. ಹಗಲು ಸರ್ಕಾರಿ ಕಡತ, ಬಿಡುವಿನಲ್ಲಿ ‘ಶ್ರೀನಿವಾಸ’ ಅನ್ನೋ ಹೆಸರಲ್ಲಿ ಕನ್ನಡದ ಕತೆ. 1929ರಲ್ಲಿ ಬೆಳಗಾವಿಯ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದರು. ಅದಾದ ಮೇಲೆ 1931ರ ಜನಗಣತಿಯ ಸೂಪರಿಂಟೆಂಡೆಂಟ್ ಕೆಲಸ ಅವರ ಹೆಗಲಿಗೆ ಬಂತು.

ಆಗಿನ ಕ್ರಮ ಕೇಳಿದರೆ ಆಶ್ಚರ್ಯವಾಗುತ್ತೆ. ಮೊದಲು ಮನೆಮನೆಗೂ ನಂಬರು ಹಾಕೋದು. ಆಮೇಲೆ ಎಣಿಕೆಯವರು ಬಂದು ಮನೆಯವರ ವಿವರ ಬರೆದಿಡೋದು. ಕೊನೆಗೆ ಫೆಬ್ರವರಿ 26ರ ಒಂದೇ ರಾತ್ರಿ ಎಲ್ಲರೂ ಮತ್ತೆ ಹೊರಟು ಪಟ್ಟಿ ತಿದ್ದಬೇಕು. ಸತ್ತವರ, ಊರು ಬಿಟ್ಟವರ ಹೆಸರು ಹೊಡೆದು ಹಾಕಿ, ಹುಟ್ಟಿದ ಕೂಸನ್ನೂ ಬಂದ ನೆಂಟರನ್ನೂ ಸೇರಿಸಬೇಕು. ಆ ರಾತ್ರಿ ಯಾರು ಎಲ್ಲಿದ್ದಾರೋ ಅಲ್ಲೇ ಅವರ ಲೆಕ್ಕ. ಒಬ್ಬನೇ ಮನುಷ್ಯ ಎರಡು ಕಡೆ ಬರಬಾರದು, ಒಬ್ಬನೂ ಬಿಟ್ಟುಹೋಗಬಾರದು ಅಂತ ಈ ಏರ್ಪಾಡು. ಆರ್ಕಾಟು, ಚಿತ್ತೂರು ಕಡೆಯಿಂದ ಕೋಲಾರದ ಚಿನ್ನದ ಗಣಿಗೆ ದುಡಿಯಲು ಬಂದವರು ಲೆಕ್ಕಕ್ಕೆ ಸೇರಿದ್ದು ಗಣಿಯ ಊರಲ್ಲೇ, ಹುಟ್ಟೂರಲ್ಲಿ ಅಲ್ಲ. ಆಮೇಲೆ ತಲೆಗೊಂದು ಚೀಟಿ ಬರೆದು, ಕೈಯಲ್ಲೇ ವಿಂಗಡಿಸಿ ಕೂಡಿದಾಗ ಸಂಸ್ಥಾನದ ಜನ 65,57,302. ಮಾಸ್ತಿಯವರ ವರದಿ ಇಂಗ್ಲಿಷಿನಲ್ಲಿ ಅಚ್ಚಾಯಿತು.

1943ರಲ್ಲಿ, ತಮಗಿಂತ ಕಿರಿಯರನ್ನು ಮಂತ್ರಿ ಮಾಡಿದರು ಅಂತ ಕೆಲಸ ಬಿಟ್ಟು ಹೊರಬಂದರು. ಆಮೇಲೆ ‘ಜೀವನ’ ಪತ್ರಿಕೆ ನಡೆಸಿದರು, ಕೊನೆವರೆಗೂ ಬರೆದರು. 1986ರಲ್ಲಿ, ಹುಟ್ಟಿದ ದಿನವಾದ ಜೂನ್ 6ರಂದೇ ತೀರಿಕೊಂಡರು.

ಇದನ್ನೆಲ್ಲ ಓದಿ ಅಮ್ಮನಿಗೆ ಫೋನ್ ಮಾಡಿದೆ. ನಾನು ಲೆಕ್ಕ ತಪ್ಪಿಲ್ಲ, 2005ರ ಡಿಸೆಂಬರಲ್ಲಿ ಇಲ್ಲಿ ಗಣತಿ ಆದಾಗ ಸನಾಯಾದ ನಮ್ಮ ರೂಮಿಗೂ ಬಂದು ಎಂಟೂ ಜನರನ್ನ ಬರ್ಕೊಂಡು ಹೋಗಿದ್ದಾರೆ ಅಂದೆ. ಆ ಸಲದ 41,06,427 ಜನರಲ್ಲಿ ನಾನೂ ಒಬ್ಬ. ಅಮ್ಮ ಕೇಳಿದ್ದು ಒಂದೇ, ನಮ್ಮೂರ ಹೆಸರು ಬರ್ಕೊಂಡ್ರಾ ಅಂತ. ಇಲ್ಲಮ್ಮ, ದೇಶದ ಹೆಸರು ಮಾತ್ರ ಅಂದೆ. ಅವರು ಸುಮ್ಮನಾದರು.

2027ರಲ್ಲಿ ನಮ್ಮ ದೇಶದಲ್ಲಿ ಮತ್ತೆ ಗಣತಿ ಇದೆ. ಸ್ನೇಹಿತರೇ, ಮನೆಯವರಿಗೆ ಈಗಲೇ ತಿಳಿಸಿ ಹೇಳಿ. ನಿಮ್ಮ ಹೆಸರು ಬರೆಯದಿದ್ದರೆ ಮೇಷ್ಟ್ರ ಮೇಲೆ ಸಿಟ್ಟಾಗೋದು ಬೇಡ. ಬಿಸಿಲಲ್ಲಿ ಬಂದಿರ್ತಾರೆ, ಒಂದು ಲೋಟ ಮಜ್ಜಿಗೆ ಕೊಟ್ಟು ಕಳಿಸಲಿ.