ವೈದ್ಯರಾದ ಜೇಮ್ಸ್ ಯಂಗ್ ಸಿಂಪ್ಸನ್ನರ ಚರಿತ್ರೆ

ಹುಣಸೂರು, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆಗಳ ಕಾಡಂಚಿನಲ್ಲಿ ವಾಸಿಸುವವರು, ಊರಿಗೆ ನುಗ್ಗಿದ ಆನೆಯನ್ನಾಗಲಿ ಹುಲಿಯನ್ನಾಗಲಿ ಅರಣ್ಯ ಇಲಾಖೆಯವರು ಮದ್ದಿನ ಸೂಜಿ ಹಾರಿಸಿ ಮಲಗಿಸಿ ಹಿಡಿಯುವುದನ್ನು ಬಲ್ಲರು. ಮೃಗವು ಸತ್ತಂತೆ ಬೀಳುತ್ತದೆ. ಆದರೂ ತಿರುಗಿ ಏಳುತ್ತದೆ. ಹೀಗೆ ಮಲಗಿಸಿ ಕ್ಷೇಮವಾಗಿ ಎಬ್ಬಿಸುವ ವಿದ್ಯೆಯು ಒಂದೇ ದಿನದಲ್ಲಿ ದೊರೆತದ್ದಲ್ಲ. ಅದಕ್ಕಾಗಿ ಶ್ರಮಪಟ್ಟ ಒಬ್ಬ ದೇವಭಕ್ತರ ಚರಿತ್ರೆಯನ್ನು ಕೇಳಿರಿ.

ಸಿಂಪ್ಸನ್ನರು 1811ನೆಯ ಇಸವಿ ಜೂನ್ 7ರಂದು ಸ್ಕಾಟ್ಲೆಂಡ್ ದೇಶದ ಬಾತ್‌ಗೇಟ್ ಎಂಬ ಊರಿನಲ್ಲಿ ಹುಟ್ಟಿದರು. ತಂದೆಯು ರೊಟ್ಟಿ ಮಾಡಿ ಮಾರುವವನು. ಬಾಲಕನಿಗೆ ಒಂಬತ್ತು ವರುಷವಾದಾಗ ತಾಯಿಯು ತೀರಿಹೋದಳು. ಮನೆಯವರೆಲ್ಲರೂ ಕೂಡಿ ದುಡಿದು, ಹದಿನಾಲ್ಕನೆಯ ವಯಸ್ಸಿನಲ್ಲಿ ಅವನನ್ನು ಎಡಿನ್‌ಬರೋ ವಿಶ್ವವಿದ್ಯಾಲಯಕ್ಕೆ ಕಳುಹಿಸಿದರು.

ಆ ಕಾಲದಲ್ಲಿ ರೋಗಿಯ ಮೈಯನ್ನು ಎಚ್ಚರವಿರುವಾಗಲೇ ಕೊಯ್ಯುತ್ತಿದ್ದರು. ಒಬ್ಬ ಸ್ತ್ರೀಗೆ ಶಸ್ತ್ರಚಿಕಿತ್ಸೆ ನಡೆಯುವುದನ್ನು ಕಂಡ ಸಿಂಪ್ಸನ್ನರು ತಾಳಲಾರದೆ ಹೊರಟುಹೋಗಿ, ವೈದ್ಯವಿದ್ಯೆಯನ್ನೇ ಬಿಟ್ಟು ಗುಮಾಸ್ತೆಯ ಕೆಲಸವನ್ನು ಹುಡುಕಿದರು. ಆದರೆ ನಾವು ಓಡಿಹೋದರೆ ಪರರ ನೋವು ನಿಲ್ಲದೆಂದು ತಿಳಿದು ಹಿಂದಿರುಗಿದರು. 1840ರಲ್ಲಿ ಪ್ರಸವಶಾಸ್ತ್ರದ ಪ್ರಾಧ್ಯಾಪಕರಾದರು.

1846ರಲ್ಲಿ ಅಮೇರಿಕದವರು ಈಥರ್ ಎಂಬ ಮದ್ದಿನ ಆವಿಯಿಂದ ರೋಗಿಯನ್ನು ಮಲಗಿಸಿ ಕೊಯ್ದರೆಂಬ ಸುದ್ದಿ ಬಂದಿತು. ಸಿಂಪ್ಸನ್ನರು 1847ರ ಜನವರಿಯಲ್ಲಿ ಅದನ್ನು ಹೆರಿಗೆಯಲ್ಲಿ ಉಪಯೋಗಿಸಿದರು. ಬಳಿಕ ಇನ್ನೂ ಉತ್ತಮವಾದುದನ್ನು ಹುಡುಕುತ್ತಾ, ಇಬ್ಬರು ಮಿತ್ರರೊಡನೆ ರಾತ್ರಿಯ ಊಟವಾದ ಮೇಲೆ ನಾನಾ ದ್ರವಗಳನ್ನು ತಾವೇ ಮೂಸಿ ನೋಡುತ್ತಿದ್ದರು. ನವೆಂಬರ್ 4ರಂದು ಕ್ಲೋರೊಫಾರ್ಮನ್ನು ಮೂಸಿದೊಡನೆ ಮೂವರೂ ಮೇಜಿನ ಕೆಳಗೆ ಉರುಳಿದರು.

ಹೆರುವ ನೋವು ದೇವರ ನೇಮಕವೆಂದೂ ಅದನ್ನು ನೀಗಿಸುವುದು ಪಾಪವೆಂದೂ ಕೆಲವರು ಆಕ್ಷೇಪಿಸಿದರು. ದೇವರು ಆದಾಮನ ಪಕ್ಕೆಯ ಎಲುಬನ್ನು ತೆಗೆಯುವ ಮುಂಚೆ ಅವನಿಗೆ ಗಾಢನಿದ್ರೆಯನ್ನು ಬರಮಾಡಿದನೆಂದು ಸಿಂಪ್ಸನ್ನರು ಆದಿಕಾಂಡದಿಂದಲೇ ಉತ್ತರ ಕೊಟ್ಟರು. 1853ರಲ್ಲಿ ವಿಕ್ಟೋರಿಯ ಮಹಾರಾಣಿಯವರು ಹೆರುವಾಗ ಈ ಮದ್ದನ್ನು ಪಡೆಯಲು, ವಿರೋಧವು ಬಹಳ ಮಟ್ಟಿಗೆ ಅಡಗಿತು. ಆದರೆ ಮದ್ದು ಅಪಾಯವಿಲ್ಲದ್ದಾಗಿರಲಿಲ್ಲ; 1848ರಲ್ಲಿಯೇ ಹದಿನೈದು ವರುಷದ ಒಬ್ಬ ಹುಡುಗಿಯು ಅದರಿಂದ ಸತ್ತಿದ್ದಳು.

ಆದುದರಿಂದ ಹುಡುಕಾಟವು ನಿಲ್ಲಲಿಲ್ಲ. ಒಂದು ದಿನ ರಸಾಯನಶಾಸ್ತ್ರಜ್ಞರಾದ ಲಯನ್ ಪ್ಲೇಫೇರರ ಬಳಿಯಲ್ಲಿ ಹೊಸ ದ್ರವವೊಂದನ್ನು ಕಂಡು, ಸಿಂಪ್ಸನ್ನರು ಆಗಲೇ ಮೂಸಬೇಕೆಂದರು. ಪ್ಲೇಫೇರರು ಒಪ್ಪದೆ, ಮೊದಲು ಎರಡು ಮೊಲಗಳಿಗೆ ಕೊಡಿಸಿದರು. ಮೊಲಗಳು ಮೈಮರೆತು ಮಲಗಿ, ಬಳಿಕ ಚೆನ್ನಾಗಿಯೇ ಎದ್ದವು. ಮರುದಿನ ಸಿಂಪ್ಸನ್ನರು ತಾವೂ ಸಹಾಯಕನೂ ಅದನ್ನು ಮೂಸಲು ಸಿದ್ಧರಾದಾಗ, ಮೊಲಗಳು ಹೇಗಿವೆಯೆಂದು ನೋಡೋಣವೆಂದು ಆ ಸಹಾಯಕನು ಹೇಳಿದನು. ಹೋಗಿ ನೋಡಲು ಎರಡೂ ಸತ್ತುಬಿದ್ದಿದ್ದವು. ಮಲಗಿಸುವುದು ಸುಲಭ, ಕ್ಷೇಮವಾಗಿ ಉಳಿಸುವುದೇ ಕಷ್ಟವೆಂಬುದನ್ನು ಆ ಬಡಜೀವಿಗಳು ತಮ್ಮ ಪ್ರಾಣದಿಂದ ಕಲಿಸಿದವು.

1853ರಲ್ಲಿ ಅದೇ ನಗರದ ವೈದ್ಯರಾದ ಅಲೆಕ್ಸಾಂಡರ್ ವುಡ್ಡರು ಪಿಚಕಾರಿಗೆ ಟೊಳ್ಳು ಸೂಜಿಯನ್ನು ಸೇರಿಸಿ ಚರ್ಮದಡಿಗೆ ಮದ್ದು ಹಾಕಿದರು. ಇಂದು ಪ್ರಯೋಗಶಾಲೆಯ ಇಲಿಗಳಿಗೆ ಸೂಜಿಯಿಂದಲೇ ಕೆಟಮಿನ್, ಕ್ಸೈಲಜೀನ್ ಎಂಬ ಮದ್ದುಗಳನ್ನು ಕೂಡಿಸಿ ಕೊಡುವುದುಂಟು. ಆನೆಯನ್ನು ಮಲಗಿಸುವುದಕ್ಕೂ ಇವು ಬಳಕೆಯಲ್ಲಿವೆ. ಆದರೆ ಮೈತೂಕದ ಲೆಕ್ಕದಲ್ಲಿ ಆನೆಗಿಂತ ಇಲಿಗೆ ಬಹಳ ಹೆಚ್ಚು ಬೇಕು. ಆದುದರಿಂದ ಪ್ರತಿಯೊಂದನ್ನೂ ತೂಗಿ ಅಳತೆಮಾಡಬೇಕು. ಸಣ್ಣ ಮೈ ಬೇಗ ತಣ್ಣಗಾಗುವುದರಿಂದ ಬೆಚ್ಚಗಿಡಬೇಕು. ಕಣ್ಣು ತೆರೆದೇ ಇರುವುದರಿಂದ ಒಣಗದಂತೆ ಮುಲಾಮು ಹಚ್ಚಬೇಕು. ಪೂರಾ ಏಳುವ ತನಕ ಕಾಯಬೇಕು. ಪ್ರಯೋಗದಲ್ಲಿ ಪ್ರಾಣಿಗಳಿಗೆ ಆದಷ್ಟು ನೋವಾಗದಂತೆ ಮದ್ದು ಕೊಡಬೇಕೆಂದು ನಮ್ಮ ದೇಶದ 1960ರ ಕಾಯಿದೆಯೂ ವಿಧಿಸುತ್ತದೆ.

ಸಿಂಪ್ಸನ್ನರು ತಮ್ಮ ಮಕ್ಕಳಲ್ಲಿ ಕೆಲವರನ್ನು ಮಣ್ಣಿಗೆ ಒಪ್ಪಿಸಿ ಬಹು ದುಃಖಪಟ್ಟವರು. 1861ರ ಸುಮಾರಿನಿಂದ ಅವರ ನಂಬಿಕೆಯು ಬಲಗೊಂಡು, ಬಹಿರಂಗವಾಗಿ ಕ್ರಿಸ್ತನಿಗೆ ಸಾಕ್ಷಿ ಹೇಳಿದರು. 1870ನೆಯ ಇಸವಿ ಮೇ 6ರಂದು ಕರ್ತನಲ್ಲಿ ನಿದ್ರೆಹೋದರು. ಲಂಡನ್ನಿನ ರಾಜದೇವಾಲಯದಲ್ಲಿ ಸಮಾಧಿಮಾಡಲು ಆಹ್ವಾನವಿದ್ದರೂ, ಮನೆಯವರು ತಮ್ಮ ನಗರದಲ್ಲಿಯೇ ಮಕ್ಕಳ ಬಳಿಯಲ್ಲಿ ಹೂಳಿದರು.

ಸಹೋದರ ಸಹೋದರಿಯರೇ, ನೀತಿವಂತನು ತನ್ನ ಪಶುಗಳ ಪ್ರಾಣವನ್ನು ಲಕ್ಷಿಸುವನೆಂದು ಜ್ಞಾನೋಕ್ತಿಗಳು ಕಲಿಸುತ್ತವೆ. ನಮ್ಮ ಹೆಂಗಸರು ಶಸ್ತ್ರಚಿಕಿತ್ಸೆಯಾದ ಮೇಲೆ ಆಸ್ಪತ್ರೆಯಿಂದ ನಗುತ್ತಾ ಮನೆಗೆ ಬರುವಾಗ, ದೇವರಿಗೆ ಸ್ತೋತ್ರ ಸಲ್ಲಿಸಿರಿ. ಆ ಎರಡು ಮೊಲಗಳನ್ನೂ ನೆನೆದು, ಕೊಟ್ಟಿಗೆಯ ಎತ್ತಿನ ಮೇಲೆ ಕೋಲೆತ್ತುವ ಕೈಯನ್ನು ಇಳಿಸಿರಿ.