ವಂಚಕನ ಪಾತ್ರಕ್ಕೆ ಜೀವ ತುಂಬಿದ ಡಿ ಸಿಕಾ

ಇಟಲಿಯ ಖ್ಯಾತ ನಟ, ನಿರ್ದೇಶಕ ವಿಟ್ಟೋರಿಯೊ ಡಿ ಸಿಕಾ ಅವರು 1901ರಲ್ಲಿ ಸೋರಾ ಎಂಬ ಊರಿನಲ್ಲಿ ಬ್ಯಾಂಕ್ ಗುಮಾಸ್ತರೊಬ್ಬರ ಮಗನಾಗಿ ಜನಿಸಿದರು. ಸಂಸಾರಕ್ಕೆ ನೆರವಾಗಲು ಎಳವೆಯಲ್ಲಿಯೇ ತಾವೂ ಕಚೇರಿಯ ಗುಮಾಸ್ತಿಕೆಗೆ ಸೇರಿದರು. ಬಳಿಕ ರಂಗಭೂಮಿಯೂ ಚಲನಚಿತ್ರವೂ ಅವರಿಗೆ ಕೀರ್ತಿಯನ್ನು ತಂದವು. ಸೈಕಲ್ ಕಳೆದುಕೊಂಡ ಬಡ ಕೆಲಸಗಾರನ ಗೋಳನ್ನು ಚಿತ್ರಿಸಿದ ಅವರ 1948ರ ‘ಬೈಸಿಕಲ್ ಥೀವ್ಸ್’, 1952ರಲ್ಲಿ ಮುಂಬಯಿಯ ಚಿತ್ರೋತ್ಸವದಲ್ಲಿಯೂ ಪ್ರದರ್ಶಿತವಾಯಿತು.

ಇಂತಹ ಕಲಾವಿದರಿಗೂ ಜೂಜಿನ ಚಟವಿತ್ತು. ಗಳಿಸಿದ ಹಣವು ಅದರಲ್ಲಿಯೇ ಕರಗುತ್ತಿದ್ದುದರಿಂದ ದೊರೆತ ಪಾತ್ರಗಳನ್ನೆಲ್ಲ ಒಪ್ಪಬೇಕಾಗುತ್ತಿತ್ತು.

1959ರಲ್ಲಿ ರೊಸ್ಸೆಲಿನಿಯವರ ‘ಜನರಲ್ ಡೆಲ್ಲಾ ರೋವೆರೆ’ ಚಿತ್ರದಲ್ಲಿ ಅವರಿಗೆ ದೊರೆತುದು ಜೂಜುಕೋರ ವಂಚಕನ ಪಾತ್ರವೇ. ಜರ್ಮನರ ಸೆರೆಯಲ್ಲಿದ್ದವರನ್ನು ಬಿಡಿಸುವೆನೆಂದು ನಂಬಿಸಿ ಅವರ ಬಂಧುಗಳಿಂದ ಹಣ ಕೀಳುವವನು ಅವನು. ಸಿಕ್ಕಿಬಿದ್ದ ಅವನನ್ನು ಜರ್ಮನರು ಮೃತ ಸೇನಾಧಿಕಾರಿಯೊಬ್ಬನ ಹೆಸರಿನಲ್ಲಿ ಬೇಹುಗಾರನಾಗಿ ಸೆರೆಮನೆಗೆ ಕಳುಹುತ್ತಾರೆ. ಅಲ್ಲಿ ಬಂದಿಗಳ ಧೈರ್ಯವೂ ತನ್ನಲ್ಲಿ ಅವರಿಟ್ಟ ಗೌರವವೂ ಅವನ ಅಂತಃಕರಣವನ್ನು ಎಚ್ಚರಿಸುತ್ತವೆ. ಒಂದು ಹೆಸರನ್ನು ನುಡಿದಿದ್ದರೆ ಪ್ರಾಣವುಳಿಯುತ್ತಿತ್ತು. ನುಡಿಯದೆ ಅವರೊಡನೆ ಗುಂಡಿಗೆ ಎದೆಯೊಡ್ಡುತ್ತಾನೆ. ಆ ಚಿತ್ರವು ವೆನಿಸ್ಸಿನ ಉನ್ನತ ಪ್ರಶಸ್ತಿಯನ್ನು ಮತ್ತೊಂದು ಚಿತ್ರದೊಡನೆ ಹಂಚಿಕೊಂಡಿತು.

ಡಿ ಸಿಕಾ 1974ರಲ್ಲಿ ನಿಧನರಾದರು. ತನ್ನ ದೌರ್ಬಲ್ಯವನ್ನು ಅರಿಯದವನಿಗೆ ಆ ಪಾತ್ರವು ಅಷ್ಟು ಒಲಿಯುತ್ತಿರಲಿಲ್ಲವೆಂದು ನಾವು ಭಾವಿಸುತ್ತೇವೆ. ಜಾರಿದವನೂ ಎದ್ದು ನಿಲ್ಲಬಲ್ಲನೆಂಬ ಭರವಸೆಯನ್ನು ಅದು ನಮಗೆ ಇಂದಿಗೂ ನೀಡುತ್ತಿದೆ.