ದೇವಕರೆಯ ದಾರಿಯಲ್ಲಿ ಸಂತ ಜೋಸೆಫ್ ವಾಜ್

ನಮ್ಮ ಧರ್ಮಕೇಂದ್ರದ ಶತಮಾನೋತ್ಸವದ ಈ ಶುಭಸಂದರ್ಭದಲ್ಲಿ ಹಳಿಯಾಳ, ದಾಂಡೇಲಿ, ಜೋಯಿಡಾ, ಮುಂಡಗೋಡ ಭಾಗದ ಕ್ರೈಸ್ತ ಬಾಂಧವರಾದ ನಾವು ಮಹನೀಯರೊಬ್ಬರನ್ನು ಸ್ಮರಿಸುವುದು ಉಚಿತವಾಗಿದೆ. ಜೋಯಿಡಾದ ಗಡಿಗೆ ಹೊಂದಿಕೊಂಡ ಗೋವೆಯಲ್ಲಿ ಜನಿಸಿ, ಕೆನರಾ ಕರಾವಳಿಯಲ್ಲಿ ದುಡಿದು, ಸಿಂಹಳದಲ್ಲಿ ದೇಹವಿಟ್ಟ ಸಂತ ಜೋಸೆಫ್ ವಾಜರೇ ಅವರು.

1651ರ ಏಪ್ರಿಲ್ 21ರಂದು ಬಾಣಾವಲಿ ಗ್ರಾಮದಲ್ಲಿ ಹುಟ್ಟಿದ ಅವರು 1676ರಲ್ಲಿ ಗುರುದೀಕ್ಷೆ ಪಡೆದರು. ದೇವಕರೆಯ ಶೋಧನೆ ಅಲ್ಲಿಗೆ ಮುಗಿಯಿತೆಂದು ನಾವು ಭಾವಿಸಬಹುದು. ಆದರೆ ಅದು ಆರಂಭವಾದುದೇ ಅಲ್ಲಿಂದ. ಡಚ್ಚರ ಆಳ್ವಿಕೆಯಲ್ಲಿ ಗುರುಗಳಿಲ್ಲದೆ, ಸಂಸ್ಕಾರಗಳಿಲ್ಲದೆ ಪರಿತಪಿಸುತ್ತಿದ್ದ ಸಿಂಹಳದ ಕಥೋಲಿಕರ ಸೇವೆಗೆ ಹೋಗಲು ಅವರ ಮನ ಹಾತೊರೆಯಿತು. ಆದರೆ 1681ರಲ್ಲಿ ಮೇಲಧಿಕಾರಿಗಳು ಅವರನ್ನು ಕಳುಹಿಸಿದ್ದು ಕೆನರಾಕ್ಕೆ.

ಅದು ಕೆಳದಿಯ ರಾಣಿ ಚೆನ್ನಮ್ಮಾಜಿಯ ಕಾಲ. ಪೋರ್ಚುಗೀಸರ ಪದ್ರುವಾದೊ ಹಕ್ಕಿಗೂ ರೋಮಿನ ಪ್ರೊಪಗಾಂಡ ಸಂಸ್ಥೆಯ ಅಧಿಕಾರಕ್ಕೂ ತಿಕ್ಕಾಟ ನಡೆದು, ಯಾವ ಗುರುಗಳ ಮಾತಿಗೆ ಮಣಿಯಬೇಕೆಂದು ತಿಳಿಯದೆ ಭಕ್ತರು ಕಂಗೆಟ್ಟಿದ್ದರು. ವಾಜರು ಕಲಹಕ್ಕೆ ಕಿಚ್ಚು ಹಚ್ಚಲಿಲ್ಲ. ವಿನಯದಿಂದ ಸಮಾಧಾನಕ್ಕೆ ಶ್ರಮಿಸಿದರು. ತಾನು ಬಯಸದ ಆ ಕ್ಷೇತ್ರದಲ್ಲಿ ಮೂರು ವರ್ಷ ಮನಃಪೂರ್ವಕವಾಗಿ ದುಡಿದರು.

ಗೋವೆಗೆ ಮರಳಿದ ಬಳಿಕ 1685ರಲ್ಲಿ ಒಂದೇ ಸೂರಿನಡಿ ಪ್ರಾರ್ಥನೆ, ಬಡತನಗಳಲ್ಲಿ ಬಾಳುತ್ತಿದ್ದ ಸ್ಥಳೀಯ ಗುರುಗಳ ಕೂಟವನ್ನು ಸೇರಿದರು. ಅದುವೇ ಸಂತ ಫಿಲಿಪ್ ನೇರಿಯವರ ಮಾದರಿಯ ಒರೆಟರಿಯಾಗಿ ರೂಪುಗೊಂಡಿತು. ಸಹೋದರರು ಅವರನ್ನೇ ಮುಖ್ಯಸ್ಥರನ್ನಾಗಿ ಆರಿಸಿದರು. ಆದರೆ ಹಳೆಯ ಕರೆ ಮೌನವಾಗಿರಲಿಲ್ಲ. 1686ರಲ್ಲಿ ಆ ಪದವಿಯನ್ನು ತೊರೆದು ಹೊರಟು, ಮರುವರ್ಷ ಬಡ ಕೂಲಿಯಾಳಿನ ವೇಷದಲ್ಲಿ ಯಾಳ್ಪಾಣವನ್ನು ಸೇರಿದರು. ರಾತ್ರಿಯ ಮರೆಯಲ್ಲಿ ಗುಪ್ತವಾಗಿ ಬಲಿಪೂಜೆ ಅರ್ಪಿಸಿದರು. ತಮಿಳು, ಸಿಂಹಳ ಭಾಷೆಗಳನ್ನು ಕಲಿತು ಜನರ ನುಡಿಯಲ್ಲೇ ಬೋಧಿಸಿದರು. 1692ರಲ್ಲಿ ಕ್ಯಾಂಡಿಯಲ್ಲಿ ಪೋರ್ಚುಗೀಸರ ಗೂಢಚಾರನೆಂಬ ಶಂಕೆಯಿಂದ ಸೆರೆಮನೆ ಸೇರಿದರು. ಆದರೂ ಆ ನಗರವನ್ನು ದ್ವೇಷಿಸಲಿಲ್ಲ. 1697ರಲ್ಲಿ ಸಿಡುಬು ಹರಡಿದಾಗ, ಆಪ್ತರೇ ತ್ಯಜಿಸಿಹೋದ ರೋಗಿಗಳನ್ನು ಮತಭೇದವೆಣಿಸದೆ ಶುಶ್ರೂಷೆ ಮಾಡಿದರು. ಮತ್ತೆ ತಾಯ್ನಾಡನ್ನು ಕಾಣದೆ 1711ರ ಜನವರಿ 16ರಂದು ಕ್ಯಾಂಡಿಯಲ್ಲೇ ಪ್ರಭುವಿನಲ್ಲಿ ಐಕ್ಯರಾದರು. 1995ರಲ್ಲಿ ಜಗದ್ಗುರು ಎರಡನೆಯ ಜಾನ್ ಪಾಲರು ಅವರನ್ನು ಪುನೀತರೆಂದೂ, 2015ರಲ್ಲಿ ಜಗದ್ಗುರು ಫ್ರಾನ್ಸಿಸರು ಸಂತರೆಂದೂ ಕೊಲಂಬೊದಲ್ಲಿ ಘೋಷಿಸಿದರು.

ಈ ಬಾಳಿನಿಂದ ನಾವು ಕಲಿಯಬೇಕಾದುದೇನು? ದೇವಕರೆ ಒಂದೇ ದಿನದಲ್ಲಿ ಸ್ಪಷ್ಟವಾಗುವುದಿಲ್ಲ. ಒಪ್ಪಿಸಿದ ಕೆಲಸವನ್ನು ನಿಷ್ಠೆಯಿಂದ ಮಾಡುವವನಿಗೆ ಮುಂದಿನ ಹೆಜ್ಜೆ ತಾನಾಗಿ ಕಾಣುತ್ತದೆ. 1976ರಲ್ಲಿ ಸ್ಥಾಪನೆಯಾದ ನಮ್ಮ ಕಾರವಾರ ಧರ್ಮಪ್ರಾಂತ್ಯದ ಕಾಡಂಚಿನ ಹಳ್ಳಿಗಳಲ್ಲಿ ಇಂದಿಗೂ ಸೇವಕರು ಬೇಕು. ದೂರದೂರುಗಳ ತಾಯಂದಿರು ತಮ್ಮ ಮಕ್ಕಳನ್ನು ನಮಗಾಗಿ ಕೊಟ್ಟರು. ನಮ್ಮ ಮನೆಯ ಮಗನೋ ಮಗಳೋ ಇಂಥ ಹಂಬಲವನ್ನು ಹೇಳಿಕೊಂಡಾಗ ನಾವು ಅಡ್ಡಿಯಾಗದಿರೋಣ. ಶತಮಾನೋತ್ಸವಕ್ಕೆ ಅದಕ್ಕಿಂತ ಮಿಗಿಲಾದ ಕಾಣಿಕೆ ಇನ್ನೊಂದಿಲ್ಲ.